ಹೆಸರು ಬದಲಿಸದ ಮೇಷ್ಟ್ರು



ಇವತ್ತು ಜುಲೈ 19. ನಮ್ಮಲ್ಲಿ ಬ್ಯಾಂಕ್ ರಾಷ್ಟ್ರೀಕರಣ ಆದ ದಿನ ಅಂತ ಒಂದಷ್ಟು ಜನರಿಗೆ ನೆನಪಿರಬಹುದು, ಅಷ್ಟೇ. ಆದರೆ ನಮ್ಮ ಮಣಿಪುರ, ಮಿಜೋರಾಂ ಗಡಿ ದಾಟಿದರೆ ಸಿಗುವ ದೇಶ ಇದೆಯಲ್ಲ, ಮ್ಯಾನ್ಮಾರ್, ನಮ್ಮ ಅಜ್ಜಂದಿರ ಬಾಯಲ್ಲಿ ಬರ್ಮಾ, ಅಲ್ಲಿ ಇದು ಹುತಾತ್ಮರ ದಿನ. 1947ರ ಈ ದಿನ ಬೆಳಗ್ಗೆ 10 ಗಂಟೆ 37 ನಿಮಿಷಕ್ಕೆ ಆ ದೇಶದ ಸಚಿವ ಸಂಪುಟವನ್ನೇ ಸಭೆ ನಡೆಯುತ್ತಿದ್ದ ಕೋಣೆಗೆ ನುಗ್ಗಿ ಗುಂಡಿಟ್ಟು ಕೊಂದರು. ಸ್ವಾತಂತ್ರ್ಯ ಬರೋದಕ್ಕೆ ಇನ್ನೂ ಆರು ತಿಂಗಳು ಬಾಕಿ ಇತ್ತು.

ಸತ್ತವರಲ್ಲಿ ಒಬ್ಬರ ಹೆಸರು ಎಲ್ಲರಿಗೂ ಗೊತ್ತು. ಆಂಗ್ ಸಾನ್. ಆಂಗ್ ಸಾನ್ ಸೂಕಿಯವರ ತಂದೆ, ಆಗ ಅವರಿಗೆ ಬರೀ 32 ವರ್ಷ. ಪ್ರತಿ ವರ್ಷ ಈ ದಿನ ಸುದ್ದಿವಾಹಿನಿಗಳಲ್ಲಿ ಏನಾದರೂ ಬಂದರೆ ಅವರ ಬಗ್ಗೆ ಬರುತ್ತೆ. ನಾನು ಇವತ್ತು ಅದೇ ಕೋಣೆಯಲ್ಲಿ ಕೂತಿದ್ದ ಇನ್ನೊಬ್ಬರ ಬಗ್ಗೆ ಮಾತಾಡ್ತೀನಿ. ಶಿಕ್ಷಣ ಮತ್ತು ರಾಷ್ಟ್ರೀಯ ಯೋಜನಾ ಸಚಿವ. ಹೆಸರು ಅಬ್ದುಲ್ ರಜಾಕ್. ಬರ್ಮಾದ ಜನ ಕರೆಯುತ್ತಿದ್ದದ್ದು ಊ ರಜಾಕ್ ಅಂತ. 'ಊ' ಅನ್ನೋದು ಅಲ್ಲಿ ಹಿರಿಯರಿಗೆ ಕೊಡುವ ಗೌರವ, ನಾವು ಶ್ರೀಯುತ ಅಂತೀವಲ್ಲ, ಹಾಗೆ.

ರಜಾಕ್ ಅಂದ ತಕ್ಷಣ ಬೀದರ್, ಕಲಬುರಗಿ ಕಡೆಯ ಹಿರಿಯ ವೀಕ್ಷಕರಿಗೆ ಬೇರೇನೋ ನೆನಪಾಗಬಹುದು. ಅದೇ 1947, 48ರಲ್ಲಿ ರಜಾಕಾರರ ಹಾವಳಿ ಕಂಡ ನೆಲ ಅದು. ಇದು ಆ ಪದ ಅಲ್ಲ ಸ್ವಾಮಿ. ರಜಾಕಾರ ಅಂದರೆ ಸ್ವಯಂಸೇವಕ. ರಜಾಕ್ ಅಂದರೆ ಅನ್ನ ಕೊಡುವವನು, ದೇವರ ಹೆಸರು. ಅಬ್ದುಲ್ ರಜಾಕ್ ಅಂದರೆ ಅನ್ನದಾತನ ಸೇವಕ. ಈ ಹೆಸರಿನ ಅರ್ಥ ಹೇಳೋದಕ್ಕೆ ಕಾರಣ ಇದೆ. ಇವತ್ತಿನ ಕಥೆ ಇರೋದೇ ಹೆಸರಿನಲ್ಲಿ.

1898ರ ಜನವರಿ 20. ಬರ್ಮಾದ ಮಧ್ಯಭಾಗದಲ್ಲಿ ಮೇಕ್ತಿಲಾ ಅಂತ ಒಂದು ಊರು, ದೊಡ್ಡ ಕೆರೆಯ ದಂಡೆಯ ಮೇಲಿದೆ. ಅಲ್ಲಿ ರಜಾಕ್ ಹುಟ್ಟಿದರು. ತಂದೆ ಶೇಖ್ ಅಬ್ದುಲ್ ರಹಮಾನ್, ಪೊಲೀಸ್ ಇನ್‌ಸ್ಪೆಕ್ಟರ್, ಭಾರತ ಮೂಲದ ಮುಸ್ಲಿಂ. ತಾಯಿ ನೈನ್ ಹ್ಲಾ, ಬರ್ಮಾದ ಬೌದ್ಧ ಹೆಣ್ಣುಮಗಳು. ಇದರಲ್ಲಿ ವಿಚಿತ್ರ ಏನೂ ಇರಲಿಲ್ಲ. ಯಾಕೆಂದರೆ ಆಗ ಬರ್ಮಾ ಬೇರೆ ದೇಶವೇ ಅಲ್ಲ, ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. 1937ರ ಏಪ್ರಿಲ್ 1ರವರೆಗೂ ಹಾಗೇ ಇತ್ತು. ತಿಲಕರನ್ನು 1908ರಲ್ಲಿ ಮಂಡಾಲೆ ಜೈಲಿಗೆ ಹಾಕಿದರು, ಅಲ್ಲೇ ಗೀತಾರಹಸ್ಯ ಬರೆದರು ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಆ ಮಂಡಾಲೆ ಇರೋದು ಇಲ್ಲೇ. ಹಡಗು ಹತ್ತಿದರೆ ಕೆಲಸ ಅಂತ ಮದ್ರಾಸಿನಿಂದ, ವಿಶಾಖಪಟ್ಟಣದಿಂದ, ಕಲ್ಕತ್ತಾದಿಂದ ಜನ ಅಲ್ಲಿಗೆ ಹೋಗುತ್ತಿದ್ದರು. 1931ರ ಜನಗಣತಿಯಲ್ಲಿ ಬರ್ಮಾದಲ್ಲಿದ್ದ ಭಾರತೀಯರ ಸಂಖ್ಯೆ 10 ಲಕ್ಷ ದಾಟಿತ್ತು. ರಾಜಧಾನಿ ರಂಗೂನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರು.

ಈಗ ಆ ಊರಿನವರ ಜಾಗದಲ್ಲಿ ನಿಂತು ಒಂದು ನಿಮಿಷ ಯೋಚನೆ ಮಾಡಿ. ಬಂದರಿನ ಹಮಾಲಿ ಭಾರತದವನು. ಸಾಲ ಕೊಡುವ ಚೆಟ್ಟಿಯಾರ್ ಭಾರತದವನು. ಸರ್ಕಾರಿ ಗುಮಾಸ್ತ, ಪೊಲೀಸ್, ಎಲ್ಲ ಭಾರತದವರು. ನಮ್ಮ ನೆಲದಲ್ಲಿ ನಾವೇ ಪರಕೀಯರಾದೆವಲ್ಲ ಅನ್ನೋ ಸಿಟ್ಟು ಬರ್ಮಾದವರಲ್ಲಿ ಬೆಳೆಯಿತು. ಆ ಸಿಟ್ಟಿಗೆ ಕಾರಣ ಇತ್ತು, ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಸಿಟ್ಟು ತಿರುಗಿದ್ದು ಬ್ರಿಟಿಷರ ಮೇಲಲ್ಲ, ಕೈಗೆ ಸಿಕ್ಕವರ ಮೇಲೆ. 1930ರಲ್ಲಿ ರಂಗೂನ್ ಬಂದರಿನಲ್ಲಿ ತೆಲುಗು ಕೂಲಿಗಳ ಹತ್ಯೆ. 1938ರಲ್ಲಿ ಒಂದು ಪುಸ್ತಕದ ನೆಪದಲ್ಲಿ ಮುಸ್ಲಿಮರ ಮೇಲೆ ದಾಳಿ. ಭಾರತೀಯ ಮುಸ್ಲಿಂ ತಂದೆ, ಬರ್ಮಾದ ತಾಯಿಗೆ ಹುಟ್ಟಿದವರಿಗೆ 'ಜೇರ್‌ಬಾದಿ' ಅಂತ ಒಂದು ಹೆಸರೇ ಇತ್ತು. ಅತ್ತ ಅವರೂ ಅಲ್ಲ, ಇತ್ತ ಇವರೂ ಅಲ್ಲ.

ರಜಾಕ್ ಇಂಥ ಮನೆಯ ಹುಡುಗ. ಬರ್ಮಾದಲ್ಲಿ ಮನೆತನದ ಹೆಸರು, ಅಪ್ಪನ ಹೆಸರು ಸೇರಿಸುವ ಪದ್ಧತಿ ಇಲ್ಲ. ಇಷ್ಟಪಟ್ಟ ಹೆಸರು ಇಟ್ಟುಕೊಳ್ಳಬಹುದು, ಬೇಡವಾದರೆ ಬದಲಿಸಬಹುದು. ಅವರ ಒಡಹುಟ್ಟಿದವರು ತಾಯಿಯ ದಾರಿ ಹಿಡಿದು ಬೌದ್ಧರಾದರು. ರಜಾಕ್ ಕೂಡ ಹಾಗೆ ಮಾಡಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರು ತಂದೆ ಇಟ್ಟ ಹೆಸರನ್ನು ತಂದೆಯ ನೆನಪಿಗೆ ಅಂತ ಉಳಿಸಿಕೊಂಡರು. ಇನ್ನೊಂದು ಕಡೆ ಪಾಲಿ ಭಾಷೆ ಕಲಿತರು, ಥೇರವಾದ ಬೌದ್ಧ ಧರ್ಮವನ್ನು ಅಭ್ಯಾಸ ಮಾಡಿದರು. ಹೆಸರು ಅಪ್ಪನದು, ಓದು ಅಮ್ಮನ ಧರ್ಮದ್ದು. ಇದನ್ನು ರಾಜಕೀಯದ ಲೆಕ್ಕಾಚಾರ ಅಂತ ಹೇಳೋಕಾಗಲ್ಲ. ರಾಜಕೀಯ ಲೆಕ್ಕ ಹಾಕುವವನು ಆ ಹೆಸರನ್ನು ಮೊದಲು ಬಿಡುತ್ತಿದ್ದ.

1920. ಇಲ್ಲಿ ಗಾಂಧೀಜಿಯ ಅಸಹಕಾರ ಚಳವಳಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ರಂಗೂನ್‌ನಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಬ್ರಿಟಿಷರು ತಂದ ಹೊಸ ವಿಶ್ವವಿದ್ಯಾಲಯ ಕಾಯ್ದೆಯಿಂದ ಬಡವರ ಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚುತ್ತೆ ಅನ್ನೋದು ಅವರ ತಕರಾರು. ಆ ಮುಷ್ಕರದಲ್ಲಿ ರಜಾಕ್ ಇದ್ದರು. ಬರೀ ಧಿಕ್ಕಾರ ಕೂಗಿ ಸುಮ್ಮನಾಗಲಿಲ್ಲ ಆ ಹುಡುಗರು. ಸರ್ಕಾರದ ಶಾಲೆ ಬೇಡ ಅಂದಮೇಲೆ ನಮ್ಮದೇ ಶಾಲೆ ಕಟ್ಟಬೇಕು ಅಂತ ಊರೂರಲ್ಲಿ ರಾಷ್ಟ್ರೀಯ ಶಾಲೆಗಳನ್ನು ತೆರೆದರು. ದುಡ್ಡಿಲ್ಲದೆ ಬಹಳಷ್ಟು ಮುಚ್ಚಿಹೋದವು. ಮಂಡಾಲೆಯ ರಾಷ್ಟ್ರೀಯ ಹೈಸ್ಕೂಲಿಗೆ ರಜಾಕ್ ಹೆಡ್ ಮಾಸ್ಟರ್ ಆದರು.

ಅಲ್ಲಿಂದ ಅವರ ಹೆಸರಿನ ಮುಂದೆ ಇನ್ನೊಂದು ಪದ ಸೇರಿಕೊಂಡಿತು. ಸಯಾಜಿ. ಅಂದರೆ ದೊಡ್ಡ ಮೇಷ್ಟ್ರು. ಬೌದ್ಧ ಧರ್ಮದ ಹೃದಯದಂತಿರುವ ಊರು ಮಂಡಾಲೆ. ಬರ್ಮಾದ ಕೊನೆಯ ರಾಜನ ಅರಮನೆ ಇದ್ದ ಊರು, ಬೀದಿ ಬೀದಿಗೂ ವಿಹಾರಗಳಿರುವ ಊರು. ಆ ಊರಿನ ಮಕ್ಕಳಿಗೆ ದೇಶಾಭಿಮಾನ ಕಲಿಸಿದ ಶಾಲೆಯ ಹೆಡ್ ಮಾಸ್ಟರ್ ಒಬ್ಬ ಅಬ್ದುಲ್ ರಜಾಕ್. ಮುಂದೆ ಮಂಡಾಲೆ ವಿಶ್ವವಿದ್ಯಾಲಯ ಆಗಿ ಬೆಳೆದ ಮಂಡಾಲೆ ಕಾಲೇಜನ್ನು ಕಟ್ಟೋದರಲ್ಲೂ ಅವರ ಕೈ ಇತ್ತು.

ಯುದ್ಧ ಬಂತು. ಜಪಾನೀಯರು ಬಂದರು, ಮಂಡಾಲೆ ಬಾಂಬಿಗೆ ಉರಿಯಿತು, ಮತ್ತೆ ಬ್ರಿಟಿಷರು ಬಂದರು. ಯುದ್ಧ ಮುಗಿಯುವಷ್ಟರಲ್ಲಿ ಆಂಗ್ ಸಾನ್ ಕಟ್ಟಿದ ಒಕ್ಕೂಟ, ಫ್ಯಾಸಿಸ್ಟ್ ವಿರೋಧಿ ಜನತಾ ಸ್ವಾತಂತ್ರ್ಯ ಸಂಘ, ದೇಶದ ದೊಡ್ಡ ಶಕ್ತಿಯಾಗಿತ್ತು. ಮಂಡಾಲೆಯಲ್ಲಿ ಅದರ ಅಧ್ಯಕ್ಷರಾಗಿದ್ದವರು ನಮ್ಮ ಮೇಷ್ಟ್ರು. 1945ರ ಡಿಸೆಂಬರ್‌ನಲ್ಲಿ ಪಿನ್‌ಮನಾ ಎಂಬ ಊರಲ್ಲಿ ಬರ್ಮಾ ಮುಸ್ಲಿಂ ಕಾಂಗ್ರೆಸ್ ಹುಟ್ಟಿತು. ಅದರ ಅಧ್ಯಕ್ಷರೂ ಅವರೇ.

ಈಗ ಅವರ ಬದುಕಿನ ಅತಿ ದೊಡ್ಡ ನಿರ್ಧಾರಕ್ಕೆ ಬರ್ತೀನಿ.

ಇಸವಿ ಗಮನಿಸಿ, 1946, 47. ಇಲ್ಲಿ ನಮ್ಮಲ್ಲಿ ಏನು ನಡೀತಿತ್ತು? ಮುಸ್ಲಿಂ ಲೀಗ್ ಪ್ರತ್ಯೇಕ ದೇಶ ಬೇಕು ಅಂತ ಪಟ್ಟು ಹಿಡಿದಿತ್ತು. ಬರ್ಮಾದಲ್ಲೂ ಅರಕಾನ್ ಗಡಿಯ ಕೆಲವು ಮುಸ್ಲಿಂ ನಾಯಕರು ನಮ್ಮ ಭಾಗವನ್ನು ಪಾಕಿಸ್ತಾನಕ್ಕೆ ಸೇರಿಸಿ ಅಂತ ಜಿನ್ನಾ ಬಳಿ ಹೋಗಿದ್ದರು, ಜಿನ್ನಾ ಕೈ ಹಾಕಲಿಲ್ಲ. ಇನ್ನು ಕೆಲವರು ಪ್ರತ್ಯೇಕ ದೇಶ ಬೇಡ, ಆದರೆ ಸಂವಿಧಾನದಲ್ಲಿ ನಮಗೆ ಅಂತ ವಿಶೇಷ ರಕ್ಷಣೆ ಬರೆದುಕೊಡಿ ಅಂದರು. ರಜಾಕ್ ಎರಡಕ್ಕೂ ಒಪ್ಪಲಿಲ್ಲ. ನಾವು ಬರ್ಮಾದವರು, ಉಳಿದವರ ಹಾಗೇ ನಾವೂ, ಪ್ರತ್ಯೇಕ ಗೆರೆ ಎಳೆದುಕೊಳ್ಳೋದು ಬೇಡ ಅನ್ನೋದು ಅವರ ನಿಲುವು. ಮುಸ್ಲಿಂ ಕಾಂಗ್ರೆಸ್ಸನ್ನು ಆಂಗ್ ಸಾನ್ ಒಕ್ಕೂಟದ ಒಳಗೇ ತಂದರು. ಆಂಗ್ ಸಾನ್ ಅವರನ್ನು ಸಂಪುಟಕ್ಕೆ ಸೇರಿಸಿಕೊಂಡರು. ಕೊಟ್ಟ ಖಾತೆ ಯಾವುದು? ಶಿಕ್ಷಣ. ಮೇಷ್ಟ್ರಿಗೆ ಮಕ್ಕಳ ಖಾತೆ.

ಮುಂದೇನಾಯಿತು? ಇಲ್ಲಿ ಇನ್ನೊಬ್ಬ ರಾಜಕಾರಣಿ ಬರ್ತಾನೆ. ಊ ಸಾ. ಈತ ಸಾಮಾನ್ಯ ಪುಢಾರಿಯಲ್ಲ, 1940ರಿಂದ 42ರವರೆಗೆ ಬ್ರಿಟಿಷ್ ಬರ್ಮಾದ ಪ್ರಧಾನಮಂತ್ರಿ. 1941ರಲ್ಲಿ ಲಂಡನ್ನಿಗೆ ಹೋಗಿ ಚರ್ಚಿಲ್ ಜೊತೆ ಮಾತಾಡಿ, ವಾಪಸ್ ಬರುವ ದಾರಿಯಲ್ಲಿ ಲಿಸ್ಬನ್‌ನಲ್ಲಿ ಜಪಾನೀಯರನ್ನು ಸಂಪರ್ಕಿಸಿ ಸಿಕ್ಕಿಬಿದ್ದ. ಯುದ್ಧ ಮುಗಿಯುವವರೆಗೂ ಬ್ರಿಟಿಷರು ಉಗಾಂಡಾದಲ್ಲಿ ಬಂಧನದಲ್ಲಿಟ್ಟಿದ್ದರು. ವಾಪಸ್ ಬಂದರೆ ಊರೆಲ್ಲ ಆಂಗ್ ಸಾನ್ ಹೆಸರು ಹೇಳ್ತಿದೆ. 1946ರ ಸೆಪ್ಟೆಂಬರ್‌ನಲ್ಲಿ ಯಾರೋ ಊ ಸಾ ಮೇಲೆ ಗುಂಡು ಹಾರಿಸಿದರು, ಕಣ್ಣಿಗೆ ಪೆಟ್ಟಾಯಿತು. ಅದು ಆಂಗ್ ಸಾನ್ ಕಡೆಯವರದೇ ಕೆಲಸ ಅಂತ ಆತ ನಂಬಿಕೊಂಡ. 1947ರ ಜನವರಿ 27ರಂದು ಲಂಡನ್‌ನಲ್ಲಿ ಆಂಗ್ ಸಾನ್ ಮತ್ತು ಬ್ರಿಟನ್ ಪ್ರಧಾನಿ ಅಟ್ಲಿ ಸ್ವಾತಂತ್ರ್ಯದ ಒಪ್ಪಂದ ಮಾಡಿಕೊಂಡಾಗ ನಿಯೋಗದಲ್ಲೇ ಇದ್ದ ಊ ಸಾ ಸಹಿ ಹಾಕಲಿಲ್ಲ. ಸಂಪುಟವೇ ಇಲ್ಲವಾದರೆ ಗವರ್ನರ್ ನನ್ನನ್ನೇ ಕರೀಬೇಕು ಅನ್ನೋದು ಆತನ ಲೆಕ್ಕ.

ಜುಲೈ 19, ಶನಿವಾರ. ರಂಗೂನ್‌ನ ಸೆಕ್ರೆಟೇರಿಯಟ್, ಕೆಂಪು ಇಟ್ಟಿಗೆಯ ಭಾರೀ ಕಟ್ಟಡ, ನಮ್ಮ ವಿಧಾನಸೌಧ ಇದ್ದ ಹಾಗೆ ಅಂದುಕೊಳ್ಳಿ. ಮಹಡಿಯಲ್ಲಿ ಸಂಪುಟ ಸಭೆ. ಕಾವಲು ನೆಪಮಾತ್ರ. ಸೈನಿಕರ ಸಮವಸ್ತ್ರ ಹಾಕಿಕೊಂಡವರು ಜೀಪಿನಲ್ಲಿ ಬಂದರು, ಯಾರೂ ತಡೆಯಲಿಲ್ಲ. ಮೆಟ್ಟಿಲು ಹತ್ತಿದರು, ಬಾಗಿಲು ನೂಕಿದರು. ಆಂಗ್ ಸಾನ್ ಎದ್ದು ನಿಂತರು. ಮೆಷಿನ್ ಗನ್ ಶುರುವಾಯಿತು. ಆಂಗ್ ಸಾನ್, ಅವರ ಅಣ್ಣ ಬಾ ವಿನ್, ಥಾಕಿನ್ ಮ್ಯಾ, ಪತ್ರಕರ್ತರಾಗಿದ್ದ ಬಾ ಚೋ, ಕರೆನ್ ಜನಾಂಗದ ಮಾನ್ ಬಾ ಖೈಂಗ್, ನಮ್ಮ ರಜಾಕ್, ವರದಿ ಒಪ್ಪಿಸಲು ಬಂದಿದ್ದ ಅಧಿಕಾರಿ ಓನ್ ಮಾಂಗ್. ಶಾನ್ ಪ್ರಾಂತ್ಯದ ದೊರೆ ಸಾವ್ ಸಾನ್ ತುನ್ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಕ್ಕದಲ್ಲಿ ಕಾದು ನಿಂತಿದ್ದ ರಜಾಕ್ ಅವರ ಅಂಗರಕ್ಷಕ ಕೋ ಥ್ವೇ ಗುಂಡಿನ ಸದ್ದು ಕೇಳಿ ಓಡಿ ಬಂದ. ಹಂತಕರು ಹೊರಗೆ ಹೋಗ್ತಾ ಅವನನ್ನೂ ಹೊಡೆದರು. ಅವನ ವಯಸ್ಸು 18.

ರಜಾಕ್ ಅವರಿಗೆ 49 ವರ್ಷ.

ಊ ಸಾ ಮನೆಯಲ್ಲಿ ಗವರ್ನರ್ ಕರೆಗೆ ಕಾಯ್ತಾ ಕೂತಿದ್ದ. ಬಂದದ್ದು ಪೊಲೀಸರು. ಮನೆ ಹಿಂದಿನ ಕೆರೆಯಲ್ಲಿ ಮುಳುಗಿಸಿಟ್ಟ ಬಂದೂಕುಗಳು ಸಿಕ್ಕವು. 1948ರ ಮೇ 8ರಂದು ಇನ್‌ಸೇನ್ ಜೈಲಿನಲ್ಲಿ ಆತನನ್ನು ಗಲ್ಲಿಗೇರಿಸಿದರು. ಆಯುಧ ಸಾಗಿಸಿದ ಪ್ರಕರಣದಲ್ಲಿ ಬ್ರಿಟಿಷ್ ಸೇನೆಯ ಒಬ್ಬ ಕ್ಯಾಪ್ಟನ್ ಕೂಡ ಜೈಲಿಗೆ ಹೋದ. ಹಿಂದೆ ಇನ್ನೂ ಯಾರಿದ್ದರು ಅನ್ನೋ ವಾದ ಅಲ್ಲಿ ಇವತ್ತಿಗೂ ನಿಂತಿಲ್ಲ. ಗವರ್ನರ್ ಅಧಿಕಾರ ಕೊಟ್ಟದ್ದು ಆಂಗ್ ಸಾನ್ ಗೆಳೆಯ ನು ಅವರಿಗೆ. 1948ರ ಜನವರಿ 4, ಜ್ಯೋತಿಷಿಗಳು ಹೇಳಿದ ಮುಹೂರ್ತ ಅಂತ ಬೆಳಗಿನ ಜಾವ 4 ಗಂಟೆ 20 ನಿಮಿಷಕ್ಕೆ ಬರ್ಮಾ ಸ್ವತಂತ್ರ ಆಯಿತು. ನಾವು ಮಧ್ಯರಾತ್ರಿ ಕಾದ ಹಾಗೆ ಅವರು ಬೆಳಗಿನ ಜಾವ ಕಾದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಇವತ್ತು ಹೇಳ್ತಾನೇ ಇರಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವೇ ತಿಂಗಳಲ್ಲಿ ಬರ್ಮಾ ಮುಸ್ಲಿಂ ಕಾಂಗ್ರೆಸ್‌ಗೆ ಒಕ್ಕೂಟದಿಂದ ಹೊರಗೆ ಹೋಗಿ ಅಂತ ಹೇಳಲಾಯಿತು. ರಜಾಕ್ ಯಾವ ಒಕ್ಕೂಟವನ್ನು ನಂಬಿ ಬೇರೆ ರಕ್ಷಣೆ ಬೇಡ ಅಂದಿದ್ದರೋ, ಅದೇ ಒಕ್ಕೂಟ. ಆ ಪಕ್ಷ ಧಾರ್ಮಿಕ ಕೆಲಸ ಎಲ್ಲ ಬಿಟ್ಟು ಮತ್ತೆ ಒಳಗೆ ಬಂತು, 1956ರಲ್ಲಿ ವಿಸರ್ಜನೆಯೇ ಆಗಿಹೋಯಿತು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದೇ ಪಕ್ಷದ ಖಿನ್ ಮಾಂಗ್ ಲಾಟ್ ಮಂತ್ರಿಯಾಗಿದ್ದರು. ನಮ್ಮ ಅಲಹಾಬಾದ್‌ನಲ್ಲಿ ಹುಟ್ಟಿದ ರಶೀದ್ ಎಂಬವರೂ ನು ಸಂಪುಟದಲ್ಲಿ ವರ್ಷಗಟ್ಟಲೆ ಮಂತ್ರಿ. 1961ರಲ್ಲಿ ನು ಬೌದ್ಧ ಧರ್ಮವನ್ನು ರಾಜಧರ್ಮ ಮಾಡಿದರು. ಮರುವರ್ಷ ಮಾರ್ಚ್ 2ರಂದು ಜನರಲ್ ನೆ ವಿನ್ ಸೈನ್ಯದೊಂದಿಗೆ ಬಂದು ನು ಅವರನ್ನೇ ಜೈಲಿಗೆ ಹಾಕಿದ. ಅಂಗಡಿ, ಗಿರಣಿ ಎಲ್ಲ ಸರ್ಕಾರದ್ದಾಯಿತು, ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿದರು. 1982ರ ಪೌರತ್ವ ಕಾಯ್ದೆ ಬಂತು. ನಿನ್ನ ಜನಾಂಗ 1823ಕ್ಕಿಂತ ಮೊದಲೇ ಈ ನೆಲದಲ್ಲಿತ್ತಾ ಅನ್ನೋದು ಅದರ ಮೂಲ ಪ್ರಶ್ನೆ. ಮುಸ್ಲಿಮರ ಗುರುತಿನ ಚೀಟಿಯಲ್ಲಿ 'ಮಿಶ್ರ ರಕ್ತ' ಅಂತ ಬರೆಯುವ ರೂಢಿ ಬಂತು. ಹುತಾತ್ಮ ಸಚಿವ ರಜಾಕ್ ಅವರಂಥವರ ಮಕ್ಕಳು ಮೊಮ್ಮಕ್ಕಳ ಚೀಟಿಯಲ್ಲಿ.

ಅವರು ಹುಟ್ಟಿದ ಮೇಕ್ತಿಲಾ ಇದೆಯಲ್ಲ, 2013ರ ಮಾರ್ಚ್‌ನಲ್ಲಿ ಒಂದು ಚಿನ್ನದ ಅಂಗಡಿಯಲ್ಲಿ ಶುರುವಾದ ಜಗಳ ಅಲ್ಲಿ ಗಲಭೆಯಾಯಿತು. ಒಬ್ಬ ಬೌದ್ಧ ಭಿಕ್ಷುವಿನ ಕೊಲೆಯಾಯಿತು. ಆಮೇಲೆ ಮುಸ್ಲಿಂ ಕೇರಿಗಳಿಗೆ ಬೆಂಕಿ. 40ಕ್ಕೂ ಹೆಚ್ಚು ಜನ ಸತ್ತರು, ಮದರಸಾದ ಹುಡುಗರನ್ನೂ ಬಿಡಲಿಲ್ಲ. ಅದೇ ಊರಿನ ಒಂದು ವಿಹಾರದ ಹಿರಿಯ ಭಿಕ್ಷು ನೂರಾರು ಮುಸ್ಲಿಮರನ್ನು ಒಳಗೆ ಕೂರಿಸಿ, ಬಾಗಿಲಿಗೆ ಬಂದ ಗುಂಪಿಗೆ ಅಡ್ಡ ನಿಂತರು. ಇದೂ ಮೇಕ್ತಿಲಾನೇ.

2015ರ ಚುನಾವಣೆ. ಆಂಗ್ ಸಾನ್ ಮಗಳ ಪಕ್ಷ ಭರ್ಜರಿಯಾಗಿ ಗೆದ್ದಿತು. ಆ ಪಕ್ಷ ಒಬ್ಬ ಮುಸ್ಲಿಂ ಅಭ್ಯರ್ಥಿಯನ್ನೂ ನಿಲ್ಲಿಸಿರಲಿಲ್ಲ. ಸಂಸತ್ತಿಗೆ ಒಬ್ಬ ಮುಸ್ಲಿಮನೂ ಬರಲಿಲ್ಲ. ಅಪ್ಪ ಮೊದಲ ಸಂಪುಟದಲ್ಲಿ ಪಕ್ಕ ಕೂರಿಸಿಕೊಂಡಿದ್ದರು, ಮಗಳಿಗೆ ಟಿಕೆಟ್ ಕೊಡುವ ಧೈರ್ಯವೂ ಆಗಲಿಲ್ಲ. ಆಕೆಯ ಕಷ್ಟ ನನಗೆ ಅರ್ಥವಾಗುತ್ತೆ, ಸೈನ್ಯ ಕಾಯ್ತಿತ್ತು, ಉಗ್ರ ಭಿಕ್ಷುಗಳು ಕಾಯ್ತಿದ್ದರು. ಆದರೂ ಒಂದು ಕೂಡ ಇಲ್ಲ ಅಂದರೆ? ಆ ಪಕ್ಷದ ಕಾನೂನು ಸಲಹೆಗಾರ ಊ ಕೋ ನಿ ಮುಸ್ಲಿಂ ವಕೀಲರು. ಸಂವಿಧಾನ ಸೂಕಿಯವರನ್ನು ಅಧ್ಯಕ್ಷೆಯಾಗದಂತೆ ತಡೆದಾಗ 'ಸ್ಟೇಟ್ ಕೌನ್ಸೆಲರ್' ಎಂಬ ಹುದ್ದೆಯ ದಾರಿ ತೋರಿಸಿದವರು ಇವರೇ. 2017ರ ಜನವರಿ 29ರಂದು ಯಾಂಗೋನ್ ವಿಮಾನ ನಿಲ್ದಾಣದ ಹೊರಗೆ, ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಾಗ ಹಿಂದಿನಿಂದ ತಲೆಗೆ ಗುಂಡಿಟ್ಟರು. ಹಂತಕನನ್ನು ಅಟ್ಟಿಸಿಕೊಂಡು ಹೋದ ಬೌದ್ಧ ಟ್ಯಾಕ್ಸಿ ಡ್ರೈವರ್ ಕೂಡ ಪ್ರಾಣ ಬಿಟ್ಟ. ಅದೇ ವರ್ಷ ಆಗಸ್ಟ್ ನಂತರ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು.

ಹಾಗಾದರೆ ಮೇಷ್ಟ್ರು ಎಡವಿದರಾ? ಬರೆಸಿಕೊಳ್ಳಬೇಕಿತ್ತು, ನಂಬಿ ಕೆಟ್ಟರು ಅಂತ ಬರ್ಮಾದ ಮುಸ್ಲಿಮರಲ್ಲೇ ಹೇಳುವವರಿದ್ದಾರೆ. ನಾನು ಇಂಜಿನಿಯರಿಂಗ್ ಓದಿದವನು, ನನ್ನ ತಲೆ ಓಡೋದೂ ಹಾಗೇ. ಸೇತುವೆ ಮೇಲೆ 10 ಟನ್ ಲಾರಿ ಓಡುತ್ತೆ ಅಂತ ಗೊತ್ತಿದ್ದರೂ 10 ಟನ್ನಿಗೇ ಸೇತುವೆ ಕಟ್ಟೋದಿಲ್ಲ. ಡ್ರೈವರ್ ಒಳ್ಳೆಯವನು, ಜಾಸ್ತಿ ಲೋಡ್ ಹಾಕಲ್ಲ ಅಂತ ನಂಬಿ ಅಂತೂ ಕಟ್ಟೋದೇ ಇಲ್ಲ. ರಜಾಕ್ ಕಟ್ಟಿದ ಸೇತುವೆಗೆ ಇದ್ದದ್ದು ಒಂದೇ ಕಂಬ, ಆಂಗ್ ಸಾನ್ ಎಂಬ ಮನುಷ್ಯ. ಕಂಬ, ಕಟ್ಟಿದವನು ಎರಡೂ ಒಂದೇ ಕೋಣೆಯಲ್ಲಿ ಒಂದೇ ನಿಮಿಷದಲ್ಲಿ ಬಿದ್ದವು.

ಬಹಳ ದಿನ ನಾನೂ ಇದನ್ನೇ ಅಂದುಕೊಂಡಿದ್ದೆ. ಆಮೇಲೆ ಶಾನ್ ಜನರ ವಿಷಯ ಓದಿದೆ. ಅವರು ಬರೆಸಿಕೊಂಡಿದ್ದರು ವೀಕ್ಷಕರೇ! 1947ರ ಫೆಬ್ರವರಿ 12ರಂದು ಪಾಂಗ್‌ಲಾಂಗ್‌ನಲ್ಲಿ ಆಂಗ್ ಸಾನ್ ಜೊತೆ ಒಪ್ಪಂದ. ಆಮೇಲೆ ಸಂವಿಧಾನದಲ್ಲೇ, ಹತ್ತು ವರ್ಷದ ನಂತರ ಬೇಡವಾದರೆ ಒಕ್ಕೂಟ ಬಿಟ್ಟು ಹೋಗುವ ಹಕ್ಕು. ಇದಕ್ಕಿಂತ ಗಟ್ಟಿ ರಕ್ಷಣೆ ಇನ್ನೇನು ಬೇಕು? 1962ರಲ್ಲಿ ನೆ ವಿನ್ ಆ ಸಂವಿಧಾನವನ್ನೇ ಮೂಲೆಗೆ ಎಸೆದ. ಶಾನ್ ನಾಯಕರು ಜೈಲಿಗೆ ಹೋದರು. ಬರೆಸಿಕೊಂಡವರಿಗೂ ಅದೇ ಗತಿ, ಬರೆಸಿಕೊಳ್ಳದವರಿಗೂ ಅದೇ ಗತಿ. ಆದ್ದರಿಂದ ಮೇಷ್ಟ್ರನ್ನು ದಡ್ಡರು ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಆ ಜುಲೈ ತಿಂಗಳಲ್ಲೇ ರಾಡ್‌ಕ್ಲಿಫ್ ದೆಹಲಿಗೆ ಬಂದಿಳಿದು ನಮ್ಮ ನಕ್ಷೆಯ ಮೇಲೆ ಗೆರೆ ಎಳೀತಿದ್ದ. ಗೆರೆ ಎಳೆದುಕೊಂಡ ನಾವು ಆಗಸ್ಟ್‌ನಲ್ಲಿ ಎಷ್ಟು ಹೆಣ ಎಣಿಸಿದೆವು ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಬೇಕಲ್ಲ.

ರಂಗೂನ್‌ನಲ್ಲಿ, ಈಗಿನ ಯಾಂಗೋನ್‌ನಲ್ಲಿ, ಶ್ವೇಡಗಾನ್ ಪಗೋಡದ ಪಕ್ಕ ಹುತಾತ್ಮರ ಸ್ಮಾರಕ ಇದೆ. 1983ರಲ್ಲಿ ಉತ್ತರ ಕೊರಿಯಾದ ಏಜೆಂಟರು ಬಾಂಬ್ ಇಟ್ಟು ದಕ್ಷಿಣ ಕೊರಿಯಾದ ಸಚಿವರನ್ನು ಕೊಂದ ಜಾಗವೂ ಅದೇ, ಆ ಕಥೆ ಇನ್ನೊಂದು ದಿನ ಹೇಳ್ತೀನಿ. ಪ್ರತಿ ಜುಲೈ 19ಕ್ಕೆ ಅಲ್ಲಿ ಹೂವು ಇಡುತ್ತಾರೆ. 2021ರ ಫೆಬ್ರವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡ ಮೇಲೂ ಆ ಪದ್ಧತಿ ಬಿಟ್ಟಿಲ್ಲ. ಸಮವಸ್ತ್ರದವರು ಬಂದು, ಸಮವಸ್ತ್ರ ಹಾಕಿಕೊಂಡು ಬಂದವರು ಕೊಂದ ಒಂಬತ್ತು ಜನರ ಮುಂದೆ ತಲೆ ಬಾಗಿಸುತ್ತಾರೆ. ಆ ಒಂಬತ್ತರಲ್ಲಿ ಒಂದು ಹೆಸರು ರಜಾಕ್. ಇನ್ನೊಂದು ಅವರಿಗೋಸ್ಕರ ಓಡಿ ಬಂದ 18 ವರ್ಷದ ಕೋ ಥ್ವೇ.